ಎಕರೆಗೆ ಒಂದೇ ಮನೆಯಿದ್ದರೆ ಪರಿಸರಕ್ಕೆ ಒಳ್ಳೆಯದೇ?

ಅಂಚಿನಮನೆ (ಚರ್ಚೆ ಆರಂಭಿಸಿದವರು)

ನಗರದ ಅಂಚಿನಲ್ಲಿ ಹೊಸ ಬಡಾವಣೆಯ ಮಾತು ಬಂದಾಗಲೆಲ್ಲ ಪರ ಇರುವವರೂ ವಿರೋಧ ಇರುವವರೂ ಒಂದು ವಿಷಯದಲ್ಲಿ ಮಾತ್ರ ತಕರಾರಿಲ್ಲದೆ ಒಪ್ಪುತ್ತಾರೆ. ಮನೆಗಳು ವಿರಳವಾಗಿರಲಿ, ನಿವೇಶನ ದೊಡ್ಡದಿರಲಿ, ಆಗ ಪರಿಸರದ ಮೇಲೆ ಹೊರೆ ಕಡಿಮೆ ಎಂಬುದು ಆ ಒಮ್ಮತ. ಎಷ್ಟೋ ಕಡೆ ನಿಯಮಗಳೂ ಇದೇ ನಂಬಿಕೆಯ ಮೇಲೆ ನಿಂತಿವೆ: ಇಂತಿಷ್ಟು ಅಳತೆಗಿಂತ ಚಿಕ್ಕ ನಿವೇಶನಕ್ಕೆ ಅನುಮತಿ ಇಲ್ಲ, ನಾಲ್ಕೂ ಕಡೆ ಇಂತಿಷ್ಟು ಅಡಿ ಜಾಗ ಬಿಡಲೇಬೇಕು, ಒಂದು ನಿವೇಶನಕ್ಕೆ ಒಂದೇ ಕುಟುಂಬ.

ನನಗೆ ಇದರಲ್ಲಿ ಒಂದು ಅನುಮಾನ. ನಾವು ಒಂದು ಎಕರೆಯ ಮೇಲೆ ಕಣ್ಣು ನೆಟ್ಟು ಮಾತನಾಡುತ್ತಿದ್ದೇವೆ. ಆದರೆ ಮನೆ ಬೇಕಾಗಿರುವ ಕುಟುಂಬಗಳ ಸಂಖ್ಯೆ ಎಕರೆಯನ್ನು ನೋಡಿಕೊಂಡು ಕಡಿಮೆಯಾಗುವುದಿಲ್ಲ. ಇಲ್ಲಿ ಜಾಗ ಸಿಗದವರು ಇನ್ನೊಂದು ಎಕರೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಾರೆ. ಲೆಕ್ಕ ಬಲ್ಲವರು ಲೆಕ್ಕ ಹೇಳಿ, ಉದಾಹರಣೆ ಬಲ್ಲವರು ಉದಾಹರಣೆ ಕೊಡಿ. ಗಗನಚುಂಬಿಯೋ ಒಂಟಿ ಮನೆಯೋ ಎಂಬ ಹಳೆಯ ಜಗಳ ಮಾತ್ರ ಬೇಡ.

ಮೂರನೇಮಹಡಿ

ಬೇಡವೆಂದರೆ ಬಾರದೇ ಇರುತ್ತದೆಯೇ ಆ ಜಗಳ!

ಕೊಳವೆಲೆಕ್ಕ

ನೀರಿನಿಂದಲೇ ಶುರು ಮಾಡುತ್ತೇನೆ, ಬದುಕಿನ ಬಹುಪಾಲು ನನಗೆ ಗೊತ್ತಿದ್ದದ್ದು ಅದೊಂದೇ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲಿ ಒಂದು ಮಾದರಿ ಲೆಕ್ಕ ಪ್ರಕಟಿಸಿತು. ಎಕರೆಗೆ ಒಂದು ಮನೆ ಇದ್ದರೆ ಆ ಎಕರೆಯಿಂದ ವರ್ಷಕ್ಕೆ ಹರಿದುಹೋಗುವ ಮಳೆನೀರು 18,700 ಘನ ಅಡಿ. ನಾಲ್ಕು ಮನೆ ಇದ್ದರೆ 24,800. ಎಂಟು ಇದ್ದರೆ 39,600. ಇಷ್ಟನ್ನೇ ನೋಡಿದವರು ವಿರಳ ಬಡಾವಣೆಯೇ ಗೆದ್ದಿತು ಎಂದು ಎದ್ದು ಹೋಗುತ್ತಾರೆ.

ಸ್ವಲ್ಪ ಕುಳಿತುಕೊಳ್ಳಿ. ಅದೇ ಎಂಟು ಕುಟುಂಬಗಳನ್ನು ಎಕರೆಗೆ ಒಂದರಂತೆ ಹರಡಿದರೆ ಎಂಟು ಎಕರೆ ಬೇಕು. ಹರಿಯುವ ನೀರು 1,49,600 ಘನ ಅಡಿ. ಒಂದೇ ಎಕರೆಯಲ್ಲಿ ಕೂರಿಸಿದರೆ 39,600, ಉಳಿದ ಏಳು ಎಕರೆ ಹೊಲವಾಗಿಯೋ ಕಾಡಾಗಿಯೋ ಉಳಿಯುತ್ತದೆ. ಮನೆಯೊಂದಕ್ಕೆ ಲೆಕ್ಕ ಹಾಕಿದರೆ ಹರಿವು ಶೇ. 74ರಷ್ಟು ಕಡಿಮೆ. ಎಕರೆಯಿಂದ ಭಾಗಿಸುತ್ತೀರೋ ಮನೆಯಿಂದ ಭಾಗಿಸುತ್ತೀರೋ ಎಂಬುದರ ಮೇಲೆ ಉತ್ತರವೇ ತಲೆಕೆಳಗಾಗುತ್ತದೆ. ನಿಯಮ ಬರೆಯುವವರು ಬಹುತೇಕ ಎಕರೆಯಿಂದಲೇ ಭಾಗಿಸುತ್ತಾರೆ.

ಇನ್ನು ರಸ್ತೆ. ಇದಕ್ಕೆ ಅಧ್ಯಯನವೇ ಬೇಡ, ಕಾಗದ ಪೆನ್ಸಿಲ್ ಸಾಕು. ರಸ್ತೆಯ ಎರಡೂ ಬದಿಗೆ ಮನೆಗಳಿದ್ದು ನಿವೇಶನದ ಮುಂಭಾಗ 20 ಅಡಿ ಇದ್ದರೆ ಒಂದು ಮನೆಯ ಪಾಲಿಗೆ 10 ಅಡಿ ರಸ್ತೆ. 60 ಅಡಿ ಇದ್ದರೆ 30. 150 ಅಡಿ ಇದ್ದರೆ 75. ಡಾಂಬರು ಮಾತ್ರವಲ್ಲ, ಅದರ ಕೆಳಗಿನ ನೀರಿನ ಕೊಳವೆ, ಒಳಚರಂಡಿ, ಪಕ್ಕದ ಕಂಬ, ತಂತಿ, ದೀಪ ಎಲ್ಲವೂ ಅದೇ ಪ್ರಮಾಣದಲ್ಲಿ ಉದ್ದವಾಗುತ್ತವೆ. ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಬೆಂಕಿ ಬಿದ್ದಾಗ ಬೇಕಾಗುವ ಹರಿವನ್ನು ನೋಡಿ ಕೊಳವೆಯ ದಪ್ಪ ನಿರ್ಧಾರವಾಗುತ್ತದೆ. ದಿನನಿತ್ಯ ನೀರು ಎಳೆಯುವ ಮನೆಗಳು ಕೆಲವೇ ಇದ್ದರೆ ಆ ದಪ್ಪ ಕೊಳವೆಯಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ, ರೋಗಾಣು ಕೊಲ್ಲಲು ಬೆರೆಸಿದ ಕ್ಲೋರಿನ್ ಕ್ರಮೇಣ ಇಲ್ಲವಾಗುತ್ತದೆ. ಆಗ ನಲ್ಲಿ ತೆರೆದು ಒಳ್ಳೆಯ ನೀರನ್ನೇ ಚರಂಡಿಗೆ ಬಿಟ್ಟು ಕೊಳವೆ ತೊಳೆಯಬೇಕಾಗುತ್ತದೆ.

ಹಕ್ಕಿನೋಟ

ಕೊಳವೆಲೆಕ್ಕ ಅವರ ಗಣಿತದಲ್ಲಿ ತಪ್ಪು ಹುಡುಕುವ ಧೈರ್ಯ ನನಗಿಲ್ಲ. ಆದರೆ "ಉಳಿದ ಏಳು ಎಕರೆ ಕಾಡಾಗಿ ಉಳಿಯುತ್ತದೆ" ಎಂಬ ವಾಕ್ಯವನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟರು ನೋಡಿ! ಉಳಿಸುವವರು ಯಾರು? ಮುಂದಿನ ವರ್ಷ ಅದಕ್ಕೂ ಒಂದು ನಕ್ಷೆ ಬರುವುದಿಲ್ಲ ಎಂದು ಬರೆದುಕೊಡುವವರು ಯಾರು? ಸಾಂದ್ರತೆ ಹೆಚ್ಚಿಸಿ, ಉಳಿಸಬೇಕಾದುದನ್ನು ಉಳಿಸದೇ ಹೋದರೆ ಎರಡೂ ಕಡೆಯಿಂದ ನಷ್ಟ.

ಅಲ್ಲದೆ ಹೊಲವೆಂದರೆ ಪವಿತ್ರ, ಹಿತ್ತಲೆಂದರೆ ವ್ಯರ್ಥ ಎಂಬ ಧಾಟಿಯೂ ನನಗೆ ಒಪ್ಪಿಗೆಯಿಲ್ಲ. ಒಂದೇ ಬೆಳೆ, ವರ್ಷವಿಡೀ ಕೀಟನಾಶಕ ಕಾಣುವ ಹೊಲಕ್ಕಿಂತ ಒಂದು ಸಾಧಾರಣ ಮನೆಯ ತೋಟದಲ್ಲಿ ಹೆಚ್ಚು ಜೀವಿಗಳಿರಬಹುದು. ಇಂಗ್ಲೆಂಡಿನ ಲೆಸ್ಟರ್ ನಗರದ ಹೊರವಲಯದಲ್ಲಿ ಜೆನ್ನಿಫರ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞೆ ತಮ್ಮ ಮನೆಯ ತೋಟವನ್ನೇ 1972ರಿಂದ ಮೂವತ್ತು ವರ್ಷ ಗಮನಿಸಿ ದಾಖಲಿಸಿದರು. ಸಿಕ್ಕ ಪ್ರಭೇದಗಳು 2,673. ಅವುಗಳಲ್ಲಿ ಸುಮಾರು ಎರಡು ಸಾವಿರ ಕೀಟಗಳೇ. ಆಕೆಯದು ಅಭಯಾರಣ್ಯವಲ್ಲ. ತರಕಾರಿ, ಹೂವು, ಒಂದು ಸಣ್ಣ ಕೊಳ, ಅಷ್ಟೇ. ಶೆಫೀಲ್ಡ್ ನಗರದಲ್ಲಿ ನಡೆದ ಅಧ್ಯಯನದ ಪ್ರಕಾರ ನಗರ ಪ್ರದೇಶದ ಸುಮಾರು ಶೇ. 23ರಷ್ಟು ಭೂಮಿ ಮನೆಗಳ ಹಿತ್ತಲು ಅಂಗಳಗಳಲ್ಲೇ ಇದೆ. ಇದನ್ನೆಲ್ಲ ಅಳಿಸಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿ ಎನ್ನುತ್ತೀರಾ?

ಸುಮ್ಮನೆಓದುವವ

2,673! ನನ್ನ ಅಂಗಳದಲ್ಲಿ ಇರುವೆ ಬಿಟ್ಟರೆ ನಾನೇ.

ಉಳುಮೆ

ಬಡಾವಣೆ ಬರುವ ಭೂಮಿಯ ಆಚೆ ಬದಿಯಲ್ಲಿ ನಿಂತವನ ಮಾತನ್ನೂ ಸ್ವಲ್ಪ ಕೇಳಿ.

ವಿರಳ ಬಡಾವಣೆ ಹೊಲವನ್ನು ಅಂಚಿನಿಂದ ಕ್ರಮವಾಗಿ ನುಂಗುತ್ತಾ ಬರುವುದಿಲ್ಲ, ಹಾರಿ ಹಾರಿ ಬರುತ್ತದೆ. ಅಗ್ಗದ ಭೂಮಿ ಎಲ್ಲಿ ಸಿಕ್ಕಿತೋ ಅಲ್ಲಿ ಒಂದು ತುಂಡು, ಎರಡು ಕಿಲೋಮೀಟರ್ ಬಿಟ್ಟು ಇನ್ನೊಂದು ತುಂಡು. ನಡುವೆ ಸಿಕ್ಕ ಹೊಲ ನಕ್ಷೆಯಲ್ಲಿ ಹಸಿರಾಗಿಯೇ ಇರುತ್ತದೆ, ನಿಜದಲ್ಲಿ ಉಸಿರುಗಟ್ಟುತ್ತಿರುತ್ತದೆ. ಗೊಬ್ಬರದ ವಾಸನೆ, ರಾತ್ರಿ ಪಂಪಿನ ಸದ್ದು, ಕೊಯ್ಲಿನ ಯಂತ್ರ ರಸ್ತೆ ತಡೆಯುವುದು, ಎಲ್ಲದಕ್ಕೂ ದೂರು ಬರುತ್ತದೆ. ಬೀಜ, ಬಿಡಿಭಾಗ ಮಾರುವ ಅಂಗಡಿಗೆ ಸುತ್ತಲಿನ ರೈತರ ಸಂಖ್ಯೆ ಕಡಿಮೆಯಾದಂತೆ ಬಾಗಿಲು ಹಾಕದೆ ಬೇರೆ ದಾರಿಯಿಲ್ಲ. ಭೂಮಿಯ ಬೆಲೆ ಬೆಳೆಯ ಲೆಕ್ಕವನ್ನು ಮೀರಿ ಏರಿದ ಮೇಲೆ ಬದು ಹಾಕಲು, ಮಣ್ಣು ಸುಧಾರಿಸಲು ಯಾರೂ ದುಡ್ಡು ಹಾಕುವುದಿಲ್ಲ. ಹೇಗೂ ಮಾರುವುದೇ ತಾನೇ ಎಂಬ ಮನಸ್ಸು ಬಂದುಬಿಡುತ್ತದೆ. ನೂರು ಎಕರೆಗೆ ಮನೆ ಕಟ್ಟಿದರೆ ಹಾಳಾಗುವುದು ನೂರೇ ಎಕರೆ ಅಲ್ಲ.

ಹಕ್ಕಿನೋಟ ಅವರು ಕೇಳಿದ "ಉಳಿಸುವವರು ಯಾರು" ಎಂಬ ಪ್ರಶ್ನೆಗೆ ಅಲ್ಲಲ್ಲಿ ಉತ್ತರವಿದೆ. ಅಮೆರಿಕದ ಆರೆಗಾನ್ ರಾಜ್ಯ 1973ರಲ್ಲಿ ಕಾನೂನು ಮಾಡಿ ಪ್ರತಿ ನಗರವೂ ತನ್ನ ಸುತ್ತ ಬೆಳವಣಿಗೆಯ ಗಡಿ ಎಳೆಯಬೇಕು ಎಂದಿತು. ಪೋರ್ಟ್‌ಲ್ಯಾಂಡಿನ ಗಡಿ 1979ರಿಂದ ಇದೆ. ಆಗಾಗ ಹಿಗ್ಗಿಸಿದ್ದಾರೆ, ಅದರ ಬಗ್ಗೆ ಜಗಳವೂ ನಿಂತಿಲ್ಲ. ಆದರೆ ಗಡಿಯಾಚೆಯ ರೈತನಿಗೆ ತನ್ನ ಹೊಲ ಇನ್ನು ಹತ್ತಿಪ್ಪತ್ತು ವರ್ಷ ಹೊಲವೇ ಎಂದು ಗೊತ್ತಿದ್ದರೆ ಅವನು ಗಿಡ ನೆಡುವ ರೀತಿಯೇ ಬೇರೆ.

ಕೊಳವೆಲೆಕ್ಕ

ಹಕ್ಕಿನೋಟ ಅವರೇ, ಓವೆನ್ ಅವರ ತೋಟವನ್ನು ನೀವು ತಂದದ್ದು ಒಳ್ಳೆಯದೇ ಆಯಿತು. ಅದರ ಅಳತೆ ಹೇಳಲಿಲ್ಲ. ಸುಮಾರು 740 ಚದರ ಮೀಟರ್, ಅಂದರೆ ಎಕರೆಯ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಎರಡು ಸಾವಿರ ಕೀಟ ಪ್ರಭೇದಗಳಿಗೆ ಅಷ್ಟು ಜಾಗ ಸಾಕಾಯಿತು. ಅದೇ ಕಾಲದಲ್ಲಿ ಒಂದೊಂದು ಎಕರೆಯ ನಿವೇಶನಗಳಲ್ಲಿ ಏನಿತ್ತು? ಕತ್ತರಿಸಿದ ಹುಲ್ಲು. ಜೀವವೈವಿಧ್ಯಕ್ಕೆ ದೊಡ್ಡ ನಿವೇಶನ ಬೇಕು ಎಂಬ ವಾದವನ್ನು ನಿಮ್ಮ ಉದಾಹರಣೆಯೇ ಕೆಡವುತ್ತದೆ.

ಹಕ್ಕಿನೋಟ

ಅರ್ಧ ಕೆಡವುತ್ತದೆ. ಕೀಟಗಳ ಮಟ್ಟಿಗೆ ತೋಟವನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದು ಅಳತೆಗಿಂತ ಮುಖ್ಯ, ಒಪ್ಪುತ್ತೇನೆ. ದೊಡ್ಡ ಮರಗಳ ವಿಷಯ ಹಾಗಲ್ಲ. ಮೂವತ್ತು ಮೀಟರ್ ಎತ್ತರಕ್ಕೆ ಬೆಳೆಯುವ ಮರಕ್ಕೆ ಬೇರು ಬಿಡಲು ಸಡಿಲವಾದ ಆಳದ ಮಣ್ಣು ಬೇಕು. ಒತ್ತಾಗಿ ಕಟ್ಟುವ ಈಗಿನ ಪದ್ಧತಿಯಲ್ಲಿ ನಿವೇಶನದ ಅಂಚಿನಿಂದ ಅಂಚಿನವರೆಗೆ ನೆಲಮಾಳಿಗೆ ಅಗೆದು ಕಾರು ನಿಲ್ಲಿಸುತ್ತಾರೆ. ಮೇಲೆ ಒಂದಡಿ ಮಣ್ಣು ಸುರಿದು ಅದನ್ನು ಉದ್ಯಾನ ಎನ್ನುತ್ತಾರೆ. ಅದು ಕಾಂಕ್ರೀಟಿನ ಮೇಲಿಟ್ಟ ದೊಡ್ಡ ಹೂಕುಂಡ. ಆ ಮಣ್ಣಿನಿಂದ ಅಂತರ್ಜಲಕ್ಕೆ ಒಂದು ಹನಿಯೂ ಇಳಿಯುವುದಿಲ್ಲ, ನೆರಳು ಕೊಡುವ ಮರವೂ ಬೆಳೆಯುವುದಿಲ್ಲ. ಎಕರೆಗೆ ಎಂಟು ಎಂದು ಬರೆಯುವಾಗ ಇಂತಿಷ್ಟು ಪಾಲು ನೆಲವನ್ನು ಅಗೆಯದೆ, ಮುಚ್ಚದೆ, ಯಂತ್ರ ಓಡಿಸದೆ ಬಿಡಬೇಕು ಎಂದೂ ಬರೆಯಿರಿ. ಆಗ ನಾನು ನಿಮ್ಮ ಪಕ್ಷ.

ಉಳುಮೆ

ಯಂತ್ರ ಓಡಿಸದೆ ಎಂದಿರಲ್ಲ, ಅದು ಬಹಳ ಮುಖ್ಯ. ವಿರಳ ಬಡಾವಣೆಯಲ್ಲೂ ನಡೆಯುವುದು ಅದೇ ಅನಾಹುತ. ಮೊದಲು ಮೇಲ್ಮಣ್ಣನ್ನು ಕೆರೆದು ಮಾರುತ್ತಾರೆ, ಮೇಲೆ ಭಾರಿ ಯಂತ್ರಗಳು ತಿಂಗಳುಗಟ್ಟಲೆ ಓಡಾಡುತ್ತವೆ, ಕೊನೆಗೆ ಮೂರಿಂಚು ಮಣ್ಣು ಹರಡಿ ಹುಲ್ಲಿನ ಹಾಸು ಉರುಳಿಸುತ್ತಾರೆ. ಕಣ್ಣಿಗೆ ಹಸಿರು. ಮಳೆ ಬಂದರೆ ನೀರು ಹೆಚ್ಚುಕಡಿಮೆ ಡಾಂಬರಿನ ಮೇಲೆ ಓಡಿದಂತೆಯೇ ಅದರ ಮೇಲೂ ಓಡುತ್ತದೆ.

ನಡೆದಾರಿ

ಎಲ್ಲರೂ ಮನೆಯ ಸುತ್ತಲೇ ಸುತ್ತುತ್ತಿದ್ದೀರಿ. ದೊಡ್ಡ ಖರ್ಚು ಇರುವುದು ಮನೆಯಿಂದ ಹೊರಟ ಮೇಲೆ.

ಪುಷ್ಕರೆವ್ ಮತ್ತು ಜೂಪಾನ್ ಎಂಬ ಇಬ್ಬರು ಸಾರಿಗೆ ತಜ್ಞರು 1977ರಲ್ಲಿ ಲೆಕ್ಕ ಹಾಕಿ, ಅರ್ಧ ಗಂಟೆಗೊಂದು ಬಸ್ ಓಡಿಸಲು ಎಕರೆಗೆ ಸುಮಾರು ಏಳು ಮನೆಗಳಾದರೂ ಬೇಕು ಎಂದರು. ಆ ಸಂಖ್ಯೆ ಎಲ್ಲೆಡೆ ಹಾಗೇ ಅನ್ವಯಿಸಬೇಕಿಲ್ಲ, ಆದರೆ ತರ್ಕ ಎಲ್ಲೆಡೆಯೂ ಅದೇ. ನಿಲ್ದಾಣಕ್ಕೆ ನಡೆದು ಬರುವಷ್ಟು ದೂರದಲ್ಲಿ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ಬಸ್ಸಿನ ಬದುಕು. ಎಕರೆಗೆ ಒಂದು ಮನೆ ಇರುವಲ್ಲಿ ಬಸ್ ಓಡಿಸಿದರೆ ಖಾಲಿ ಸೀಟುಗಳ ಮೆರವಣಿಗೆಯಾಗುತ್ತದೆ. ಆಗ ಪ್ರತಿ ವಯಸ್ಕನಿಗೂ ಒಂದು ವಾಹನ, ಪ್ರತಿ ವಾಹನಕ್ಕೂ ಮನೆಯಲ್ಲೊಂದು, ಕಚೇರಿಯಲ್ಲೊಂದು, ಅಂಗಡಿಯ ಮುಂದೊಂದು ನಿಲುಗಡೆ. ಆ ನಿಲುಗಡೆಗಳು ಎಲ್ಲವನ್ನೂ ಮತ್ತಷ್ಟು ದೂರ ತಳ್ಳುತ್ತವೆ. ವಾಹನ ಓಡಿಸಲಾಗದ ಮುದುಕರೂ ಮಕ್ಕಳೂ ಮನೆಯಲ್ಲೇ ಕೈದಿಗಳು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರಾದ ಜೋನ್ಸ್ ಮತ್ತು ಕಾಮನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮನೆಗಳ ಒಟ್ಟು ಇಂಗಾಲದ ಹೆಜ್ಜೆಗುರುತಿನ (ಮನೆಯವರ ಬಳಕೆಯಿಂದ ಹೊರಬೀಳುವ ಹಸಿರುಮನೆ ಅನಿಲಗಳ ಲೆಕ್ಕ) ಸುಮಾರು ಅರ್ಧ ಪಾಲು ಹೊರವಲಯಗಳದ್ದೇ ಎಂದು ಕಂಡುಬಂದಿತು. ಒತ್ತಾದ ನಗರಕೇಂದ್ರಗಳಲ್ಲಿ ಪ್ರತಿ ಮನೆಯ ಪಾಲು ಕಡಿಮೆ. ಆದರೆ ಅದೇ ಅಧ್ಯಯನ ಇನ್ನೊಂದು ಕಹಿ ಮಾತನ್ನೂ ಹೇಳಿತು. ಒತ್ತಾದ ಕೇಂದ್ರಗಳ ಸುತ್ತ ಹಬ್ಬಿದ ಹೊರವಲಯಗಳನ್ನು ಸೇರಿಸಿಕೊಂಡರೆ ಆ ಲಾಭ ಕರಗಿಹೋಗುತ್ತದೆ.

ಸರಾಸರಿ ಸಾಂದ್ರತೆ ಎಂಬ ಸಂಖ್ಯೆಯನ್ನೂ ನಂಬಬೇಡಿ. 2010ರ ಜನಗಣತಿಯಲ್ಲಿ ಲಾಸ್ ಏಂಜಲೀಸ್‌ನ ಇಡೀ ನಗರ ಪ್ರದೇಶ ನ್ಯೂಯಾರ್ಕ್‌ನ ನಗರ ಪ್ರದೇಶಕ್ಕಿಂತ ಹೆಚ್ಚು ಸಾಂದ್ರ! ಮ್ಯಾನ್‌ಹಾಟನ್ ಆಕಾಶ ಮುಟ್ಟಿದರೂ ನ್ಯೂಯಾರ್ಕ್‌ನ ಹೊರವಲಯ ಅಷ್ಟು ತೆಳುವಾಗಿ ಹರಡಿದೆ. ಲಾಸ್ ಏಂಜಲೀಸ್ ಎಲ್ಲೆಡೆಯೂ ಮಧ್ಯಮವಾಗಿ ಒತ್ತಾಗಿದೆ, ಆದರೂ ಎಲ್ಲಿಗೂ ನಡೆದು ಹೋಗುವಂತಿಲ್ಲ. ಒತ್ತಾಗಿದ್ದರಷ್ಟೇ ಸಾಲದು, ಅಂಗಡಿ ಶಾಲೆಗಳು ಮನೆಗಳ ನಡುವೆ ಬೆರೆತಿರಬೇಕು. ದಾರಿಗಳು ಒಂದಕ್ಕೊಂದು ಕೂಡಿರಬೇಕು.

ಮೂರನೇಮಹಡಿ

ನಾನು ಕಾಯುತ್ತಿದ್ದ ಜಗಳಕ್ಕೆ ಈಗ ಬರುತ್ತೇನೆ. ಸಾಂದ್ರತೆ ಎಂದ ಕೂಡಲೇ ಜನರಿಗೆ ನಲವತ್ತು ಮಹಡಿಯ ಗೋಪುರ ಕಾಣುತ್ತದೆ, ಹೆದರುತ್ತಾರೆ. ಹೆದರಿಕೆ ನ್ಯಾಯವಾದದ್ದೇ. ಎತ್ತರ ಹೆಚ್ಚಿದಂತೆ ಪ್ರತಿ ಚದರ ಮೀಟರಿಗೆ ಉಕ್ಕು, ಸಿಮೆಂಟು ಹೆಚ್ಚು ಬೇಕು, ಲಿಫ್ಟು ಬೇಕು, ನೀರನ್ನು ಮೇಲಕ್ಕೆತ್ತಬೇಕು. ಒಂದು ಮಹಡಿಯ ಮನೆಗೆ ತನ್ನ ಇಡೀ ಚಾವಣಿಯ ಬಿಸಿಲು ಸಿಗುತ್ತದೆ, ಗೋಪುರದ ಚಾವಣಿಯ ಸೌರಫಲಕದ ವಿದ್ಯುತ್ತನ್ನು ನಲವತ್ತು ಪಾಲು ಮಾಡಬೇಕು. ಒಂಟಿ ಮನೆಯವರ ಪರವಾಗಿ ಇದನ್ನೆಲ್ಲ ಒಪ್ಪಲೇಬೇಕು.

ಆದರೆ ಎಕರೆಗೆ ಒಂದಕ್ಕೂ ನಲವತ್ತು ಮಹಡಿಗೂ ನಡುವೆ ಒಂದು ಲೋಕವೇ ಇದೆ. ಜರ್ಮನಿಯ ಫ್ರೈಬರ್ಗ್ ನಗರದ ವೌಬಾನ್ ಬಡಾವಣೆ ನೋಡಿ. ಹಳೆಯ ಫ್ರೆಂಚ್ ಸೇನಾ ನೆಲೆಯ ಜಾಗದಲ್ಲಿ ಬಂದದ್ದು, ಐದು ಸಾವಿರಕ್ಕೂ ಹೆಚ್ಚು ಜನ, ಹೆಚ್ಚಿನ ಕಟ್ಟಡಗಳು ಮೂರು ನಾಲ್ಕು ಮಹಡಿ. ಕಾರುಗಳ ನಿಲುಗಡೆಯನ್ನು ಅಂಚಿಗೆ ತಳ್ಳಿದರು, ಮನೆಗಳ ನಡುವಿನ ರಸ್ತೆಗಳಲ್ಲಿ ಮಕ್ಕಳು ಆಡುತ್ತಾರೆ, 2006ರಲ್ಲಿ ಟ್ರಾಮ್ ಬಂತು. ಅಲ್ಲಿನ ಹಳೆಯ ಮರಗಳನ್ನು ಉಳಿಸಿಕೊಂಡೇ ಕಟ್ಟಿದರು, ಹಕ್ಕಿನೋಟ ಅವರು ಗಮನಿಸಬೇಕು. ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡರೆ ಶಾಖ ಸೋರುವ ಮುಖಗಳೂ ಕಡಿಮೆಯಾಗುತ್ತವೆ. ಅದೇ ಕಾರಣಕ್ಕೆ ಸಾಲುಮನೆಯನ್ನು ಬೆಚ್ಚಗಿಡಲೂ ತಂಪಾಗಿಡಲೂ ಒಂಟಿ ಮನೆಗಿಂತ ಕಡಿಮೆ ವಿದ್ಯುತ್ ಸಾಕು.

ಅಂಚಿನಮನೆ

ಹುಲ್ಲಿನ ಮಾತು ಬಂದದ್ದರಿಂದ ಒಂದೆರಡು ಸಂಗತಿ ಸೇರಿಸುತ್ತೇನೆ. ಎರಡನೇ ಮಹಾಯುದ್ಧದ ನಂತರ 1947ರಿಂದ 1951ರ ನಡುವೆ ನ್ಯೂಯಾರ್ಕ್ ಬಳಿ ಲೆವಿಟೌನ್‌ನಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಲೇಬೇಕು ಎಂಬುದು ಅಲ್ಲಿನ ಕರಾರು! ಆ ಅಭ್ಯಾಸ ಎಷ್ಟು ಹಬ್ಬಿತೆಂದರೆ 2005ರಲ್ಲಿ ಉಪಗ್ರಹ ಚಿತ್ರಗಳ ನೆರವಿನಿಂದ ಅಂದಾಜಿಸಿದಾಗ ಅಮೆರಿಕದಲ್ಲಿ ಹುಲ್ಲುಹಾಸಿನ ವಿಸ್ತೀರ್ಣ ಸುಮಾರು 1,60,000 ಚದರ ಕಿಲೋಮೀಟರ್. ನೀರಾವರಿ ಬೆಳೆಗಳಲ್ಲೇ ಅತಿ ದೊಡ್ಡದು, ತಿನ್ನಲು ಬಾರದ ಬೆಳೆ. ಈಗ ನೆವಾಡಾ ರಾಜ್ಯ 2021ರ ಕಾನೂನಿನ ಮೂಲಕ, ಯಾರೂ ಕಾಲಿಡದ ಅಲಂಕಾರಿಕ ಹುಲ್ಲಿಗೆ ಲಾಸ್ ವೇಗಸ್ ಪ್ರದೇಶದಲ್ಲಿ ಕೊಲರಾಡೋ ನದಿಯ ನೀರು ಹಾಯಿಸುವುದನ್ನು 2026ರ ಅಂತ್ಯಕ್ಕೆ ನಿಲ್ಲಿಸಲು ಹೊರಟಿದೆ. ರಸ್ತೆಬದಿ, ಕಚೇರಿ ಆವರಣಗಳಿಗೆ ಇದು ಅನ್ವಯ, ಒಂಟಿ ಮನೆಗಳ ಅಂಗಳವನ್ನು ಮುಟ್ಟಿಲ್ಲ. ಮತದಾರರ ಅಂಗಳ ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ಕೊಳವೆಲೆಕ್ಕ

ಯಾರೂ ಮುಟ್ಟದ ವಿಷಯ ಇನ್ನೊಂದಿದೆ. ಅದಕ್ಕೆ ವಾಸನೆ ಇದೆ, ಅದಕ್ಕೇ ಇರಬೇಕು.

ಮನೆಗಳು ನಿಜಕ್ಕೂ ದೂರ ದೂರ ಇದ್ದರೆ ಸೆಪ್ಟಿಕ್ ಟ್ಯಾಂಕ್ ಸಾಕು, ಮಣ್ಣು ಉಳಿದ ಕೆಲಸ ಮಾಡಿಕೊಳ್ಳುತ್ತದೆ. ಒತ್ತಾಗಿದ್ದರೆ ಒಳಚರಂಡಿ ಹಾಕಿ ಶುದ್ಧೀಕರಣ ಘಟಕ ಕಟ್ಟಬಹುದು, ಖರ್ಚು ಹಂಚಿಹೋಗುತ್ತದೆ. ಹೊರವಲಯ ಕೂರುವುದು ಈ ಎರಡರ ನಡುವಿನ ಬೋನಿನಲ್ಲಿ. ಒಳಚರಂಡಿಗೆ ಮನೆಗಳು ಸಾಲವು, ಸೆಪ್ಟಿಕ್ ಟ್ಯಾಂಕಿಗೆ ಹೆಚ್ಚಾದವು. ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಸಾರಜನಕವನ್ನು ಹೆಚ್ಚೇನೂ ತೆಗೆಯುವುದಿಲ್ಲ. ಅದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮೀರಿದರೆ ಮುಖ್ಯವಾಗಿ ಹಸುಗೂಸುಗಳಿಗೆ ಅಪಾಯ. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ಒಳಚರಂಡಿ ಇಲ್ಲದೆ ಇವೆ. ಕುಡಿಯುವುದು ಕೆಳಗಿನ ಅಂತರ್ಜಲವನ್ನೇ, ಸಾರಜನಕ ಸೇರುವುದು ಸುತ್ತಲಿನ ಕೊಲ್ಲಿಗಳಿಗೆ, ಅಲ್ಲಿ ಪಾಚಿ ಉಕ್ಕುತ್ತದೆ. ಕಟ್ಟುವಾಗ ಉಳಿಸಿದ ಹಣವನ್ನು ಮೊಮ್ಮಕ್ಕಳು ಬಡ್ಡಿ ಸಮೇತ ತೀರಿಸುತ್ತಿದ್ದಾರೆ.

ಸುಮ್ಮನೆಓದುವವ

ಎಲ್ಲ ಸರಿ. ಕಟ್ಟಿ ಆಗಿಹೋಗಿರುವ ಬಡಾವಣೆಗಳನ್ನು ಏನು ಮಾಡುವುದು? ಬುಲ್ಡೋಜರ್ ತರುವುದೇ?

ನಡೆದಾರಿ

ಬುಲ್ಡೋಜರ್ ಬೇಡ, ಒಂದು ಕಾಂಪೌಂಡು ಗೋಡೆಯ ತುಂಡು ತೆಗೆದರೆ ಎಷ್ಟೋ ಕಡೆ ಸಾಕು. ಕೊನೆ ಮುಚ್ಚಿದ ಎರಡು ರಸ್ತೆಗಳ ಬೆನ್ನು ಬೆನ್ನಿನ ನಡುವೆ ಐವತ್ತು ಮೀಟರ್ ಇರುತ್ತದೆ, ರಸ್ತೆಯಲ್ಲಿ ಸುತ್ತಿ ಹೋದರೆ ಎರಡು ಕಿಲೋಮೀಟರ್. ಅಲ್ಲೊಂದು ಮೂರು ಮೀಟರ್ ಅಗಲದ ಕಾಲುದಾರಿ ತೆರೆದರೆ ಒಂದೇ ಒಂದು ಮನೆ ಕಟ್ಟದೆಯೂ ಬಸ್ ನಿಲ್ದಾಣ ಹತ್ತಿರವಾಗುತ್ತದೆ.

ಮೂರನೇಮಹಡಿ

ಮನೆಗಳನ್ನೂ ಸೇರಿಸಬಹುದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ತನ್ನ ವಸತಿ ಭೂಮಿಯ ಸುಮಾರು ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ನಂತರದ ವರ್ಷಗಳಲ್ಲಿ ಕಟ್ಟಡ ಪರವಾನಗಿಗಳು ಏರಿದವು, ಹೆಚ್ಚಿನವು ಹಳೆಯ ಹೊರವಲಯದ ನಿವೇಶನಗಳಲ್ಲಿ ಎದ್ದ ಸಾಲುಮನೆಗಳೇ. ಆರೆಗಾನ್ 2019ರಲ್ಲಿ ದೊಡ್ಡ ಊರುಗಳಲ್ಲೆಲ್ಲ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿರ್ಬಂಧ ತೆಗೆದುಹಾಕಿತು. ಯಾರನ್ನೂ ಕಟ್ಟಲೇಬೇಕೆಂದು ಒತ್ತಾಯಿಸಿಲ್ಲ. ಮಕ್ಕಳು ದೊಡ್ಡವರಾಗಿ ಹೋದ ಮೇಲೆ ಆರು ಕೋಣೆಗಳಲ್ಲಿ ಇಬ್ಬರೇ ಇರುವವರು ಬೇಕಿದ್ದರೆ ಎರಡು ಮನೆ ಮಾಡಿಕೊಳ್ಳಬಹುದು, ಬೇಡವಾದರೆ ಇದ್ದಂತೆ ಇರಬಹುದು.

ಹಕ್ಕಿನೋಟ

ಆಕ್ಲೆಂಡಿನಂಥ ಕಡೆ ಹಿತ್ತಲಿನ ಮರಗಳಿಗೆ ಏನು ಕಾದಿದೆ ಎಂಬುದನ್ನೂ ಕೇಳಿಕೊಳ್ಳಿ. ಸಾಲುಮನೆ ಬರುವ ಮೊದಲು ಬೀಳುವುದು ಮರ. ಪರವಾನಗಿಯಲ್ಲಿ ಮರದ ಬುಡದ ಸುತ್ತ ಬೇಲಿ ಹಾಕುವ ಷರತ್ತು ಇಲ್ಲದೇ ಹೋದರೆ ನಾನು ಮೊದಲ ಪುಟದ ನನ್ನ ನಿಲುವಿಗೇ ವಾಪಸ್.

ಕೊಳವೆಲೆಕ್ಕ

ಷರತ್ತು ಹಾಕಿ, ತಕರಾರಿಲ್ಲ. ಅದರ ಜೊತೆಗೆ ಹಳೆಯ ಕೊಳವೆಗಳಿಗೆ ಹೊಸ ಹೊರೆ ತಡೆಯುವ ಶಕ್ತಿ ಇದೆಯೇ ಎಂದೂ ನೋಡಿ, ಮಳೆನೀರು ಚರಂಡಿ ಮೊದಲು ಕೈಕೊಡುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ಊರಿನಲ್ಲಿ 1970ರ ದಶಕದಲ್ಲಿ ಕಟ್ಟಿದ ವಿಲೇಜ್ ಹೋಮ್ಸ್ ಎಂಬ ಬಡಾವಣೆ ಇದೆ. ಇನ್ನೂರೈವತ್ತಕ್ಕಿಂತ ಕಡಿಮೆ ಮನೆಗಳು, ಹಣ್ಣಿನ ಮರಗಳು. ಮಳೆನೀರಿಗೆ ನೆಲದಡಿಯ ಕೊಳವೆ ಹಾಕದೆ ಮನೆಗಳ ಹಿಂದೆ ತೆರೆದ ಹುಲ್ಲಿನ ತಗ್ಗುಗಳನ್ನು ಬಿಟ್ಟರು. ಊರಿನ ಎಂಜಿನಿಯರುಗಳು ಇದು ನಡೆಯುವುದಿಲ್ಲ ಎಂದಿದ್ದರು, ನಡೆಯಿತು. ರಸ್ತೆಗಳನ್ನೂ ಕಿರಿದಾಗಿಯೇ ಇಟ್ಟರು. ಇರುವ ಬಡಾವಣೆಯಲ್ಲಿ ಅಗತ್ಯಕ್ಕಿಂತ ಅಗಲವಾದ ರಸ್ತೆಯ ಒಂದು ಬದಿಯ ಡಾಂಬರು ಕಿತ್ತು ಅಂಥ ತಗ್ಗು ಮಾಡಬಹುದು. ಹಳ್ಳವೊಂದಕ್ಕೆ ಮಳೆನೀರು ಹರಿದುಬರುವ ಇಡೀ ಪ್ರದೇಶದಲ್ಲಿ ನೀರು ಇಂಗದ ಹೊದಿಕೆ ಶೇ. 10 ದಾಟಿದರೆ ಹಳ್ಳಗಳ ಆರೋಗ್ಯ ಕೆಡಲು ಶುರುವಾಗುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ 1990ರ ದಶಕದಿಂದ ಬಳಕೆಯಲ್ಲಿರುವ ಸ್ಥೂಲ ಅಳತೆ. ಚಾವಣಿಗಿಂತ ಹೆಚ್ಚಾಗಿ ಅದನ್ನು ದಾಟಿಸುವುದು ರಸ್ತೆ ಮತ್ತು ನಿಲುಗಡೆ.

ಅಂಚಿನಮನೆ

ಹಾಗಾದರೆ ಇಂಥ ಬಡಾವಣೆಯ ಯೋಜನೆಗೆ ಆಕ್ಷೇಪಣೆ ಬರೆಯುವಾಗ ನಾನು ಕೇಳಬೇಕಾದುದು ಎಕರೆಗೆ ಎಷ್ಟು ಮನೆ ಎಂಬುದನ್ನು ಬಿಟ್ಟು, ಪ್ರತಿ ಮನೆಗೆ ಎಷ್ಟು ಅಡಿ ರಸ್ತೆ, ಎಷ್ಟು ಚದರ ಮೀಟರ್ ಮುಚ್ಚಿದ ನೆಲ, ನಿಲ್ದಾಣಕ್ಕೆ ನಡೆಯುವ ದೂರ ಎಷ್ಟು, ಈ ಮೂರನ್ನು. ಸರಿಯೇ?

ಉಳುಮೆ

ನಾಲ್ಕನೆಯದನ್ನೂ ಸೇರಿಸಿ: ಕೆರೆದ ಮೇಲ್ಮಣ್ಣು ಎಲ್ಲಿಗೆ ಹೋಗುತ್ತದೆ, ಗಡಿಯಾಚೆಯ ಹೊಲಕ್ಕೆ ಎಷ್ಟು ವರ್ಷದ ಖಾತರಿ ಎಂದು ಬರಹದಲ್ಲಿ ಕೇಳಿ. ಬಾಯಿಮಾತಿನ ಉತ್ತರ ತೆಗೆದುಕೊಳ್ಳಬೇಡಿ.

ಸುಮ್ಮನೆಓದುವವ

ಅದು ಒಂದರಲ್ಲಿ ಎರಡು ಪ್ರಶ್ನೆ. ಐದಾಯಿತು.